ಗಡಿಯಾರದಂಗಡಿಯವಳು: ಬಂದಳೋ, ಬಂದಿತೋ?

ಪ್ರಕಾಶನದ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರಡಕ್ಕ ಎಂದು ಕರೆಯುತ್ತಿದ್ದರು. ಕರಡು ತಿದ್ದುವ ಅಕ್ಕ, ಆದ್ದರಿಂದ ಕರಡಕ್ಕ. ಪುಟ ಕಟ್ಟುವವನು ಮಾತ್ರ ಅವಳ ಬೆನ್ನ ಹಿಂದೆ ಆ ಹೆಸರಿಗೊಂದು ಗುಡಿಸು ಸೇರಿಸಿ ಕರಡಿಯಕ್ಕ ಎನ್ನುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದೂ ಗೊತ್ತಿತ್ತು.

ಟಯರು ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಆ ಕಚೇರಿಗೆ ಬೇಸಗೆಯಲ್ಲಿ ರಬ್ಬರಿನ ವಾಸನೆ ಹತ್ತಿ ಬರುತ್ತಿತ್ತು. ಕಿಟಕಿಯ ಪಕ್ಕದ ಮೇಜು ಕರಡಕ್ಕನದು. ನಲವತ್ತು ದಾಟಿದ ವಯಸ್ಸು, ಒಂಟಿ ಜೀವ, ಮನೆಯಲ್ಲಿ ವಯಸ್ಸಾದ ತಾಯಿ. ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದು. ಬೀಗ ಹಾಕಿದ ಮೇಲೆ ಜಗ್ಗಿ ನೋಡುವುದು, ಮುಚ್ಚಿದ ನಲ್ಲಿಯನ್ನು ಇನ್ನೊಮ್ಮೆ ತಿರುಗಿಸುವುದು, ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುವುದು, ಇವೆಲ್ಲ ಅವಳಿಗೆ ಉಸಿರಾಡಿದಷ್ಟೇ ಸಹಜ. ಬೇರೆ ಕೆಲಸದಲ್ಲಿದ್ದಿದ್ದರೆ ಈ ಗುಣಕ್ಕೆ ಜನ ದೂರ ಹೋಗುತ್ತಿದ್ದರು. ಕರಡು ತಿದ್ದುವ ಕೆಲಸದಲ್ಲಿ ಅದೇ ಅನ್ನ ಹಾಕುತ್ತಿತ್ತು.

ಅಲ್ಲಿ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಪುಸ್ತಕಗಳ ಬಗೆಗಿನ ಪುಸ್ತಕಗಳು. ಕಾದಂಬರಿಗಳ ವಿಮರ್ಶೆ, ಕಥೆಗಳ ಪರಿಚಯ, ಪಾತ್ರಗಳ ಮೇಲೆ ಪ್ರಬಂಧ. ಹಾಗಾಗಿ ಕರಡಕ್ಕನ ದಿನದ ಮುಕ್ಕಾಲು ಪಾಲು ಒಂದೇ ಪ್ರಶ್ನೆಯಲ್ಲಿ ಕಳೆಯುತ್ತಿತ್ತು: ಈ ಹೆಸರನ್ನು ಬಾಗಿಸಬೇಕೋ, ನೆಟ್ಟಗೆ ನಿಲ್ಲಿಸಬೇಕೋ? ಇಡೀ ಕೃತಿಯ ಹೆಸರಾದರೆ ಬಾಗಿದ ಅಕ್ಷರ, ಇಟಾಲಿಕ್. ಕೃತಿಯೊಳಗಿನ ಒಂದು ಕಥೆಯೋ ಅಧ್ಯಾಯವೋ ಆದರೆ ನೆಟ್ಟಗಿನ ಅಕ್ಷರ, ಆಚೀಚೆ ಉದ್ಧರಣ ಚಿಹ್ನೆ. ಕಥೆಯಲ್ಲಿ ಬರುವ ಮನುಷ್ಯರು, ಊರು, ನಾಯಿ, ಕುದುರೆ ಇವರಾರಿಗೂ ಬಾಗುವ ಹಕ್ಕಿಲ್ಲ. ಕಾದಂಬರಿಯ ನಾಯಕನೇ ಒಂದು ಕಾದಂಬರಿ ಬರೆದಿದ್ದರೆ ಏನು ಮಾಡುವುದು ಎಂಬ ಬಗ್ಗೆ ಯಜಮಾನರಿಗೂ ಅವಳಿಗೂ ಒಮ್ಮೆ ಜಟಾಪಟಿಯೇ ಆಗಿತ್ತು.

"ಅದನ್ನೂ ಬಾಗಿಸಮ್ಮ. ಅವನ ಲೋಕದಲ್ಲಿ ಅದು ಅಚ್ಚಾಗಿದೆಯಲ್ಲ" ಎಂದಿದ್ದರು ಯಜಮಾನರು.

"ಹಾಗಾದ್ರೆ ಅವನ ಲೋಕದಲ್ಲಿ ಅವನೇ ಕರಡು ತಿದ್ಕೊಳ್ಳಲಿ" ಎಂದಿದ್ದಳು ಕರಡಕ್ಕ. ಇಲ್ಲದ ಪುಸ್ತಕಕ್ಕೆ ಇರುವ ಪುಸ್ತಕದ ಮರ್ಯಾದೆ ಕೊಡುವುದು ಅವಳಿಗೆ ಸುಳ್ಳಿಗೆ ಸಾಕ್ಷಿ ಹೇಳಿದಂತೆ ಕಾಣುತ್ತಿತ್ತು. ಕೊನೆಗೆ ಯಜಮಾನರ ಮಾತೇ ನಡೆಯಿತು. ಯಜಮಾನರೆಂದ ಮೇಲೆ ನಡೆಯಲೇಬೇಕು.

ಆ ವರ್ಷ ಒಬ್ಬ ಹಿರಿಯ ವಿಮರ್ಶಕರ ಪ್ರಬಂಧ ಸಂಕಲನ ಬಂತು. ಅವರದು ದೊಡ್ಡ ಹೆಸರು. ಅದರಲ್ಲಿ ಎಲ್ಲಕ್ಕಿಂತ ಉದ್ದದ ಪ್ರಬಂಧ, ಅವರ ಗೆಳೆಯರಾಗಿದ್ದು ಎಂದೋ ತೀರಿಹೋದ ಒಬ್ಬ ಕಾದಂಬರಿಕಾರರ ಕೃತಿಯ ಮೇಲೆ. ಕಾದಂಬರಿಯ ಹೆಸರು 'ಗಡಿಯಾರದಂಗಡಿಯವಳು'. ಒಂದು ಕಾಲಕ್ಕೆ ಓದದವರೇ ಇಲ್ಲವೆಂಬಷ್ಟು ಓಡಿದ ಪುಸ್ತಕವಂತೆ. ಕರಡಕ್ಕ ಓದಿರಲಿಲ್ಲ. ಸಂಬಳಕ್ಕೆ ಓದಿ ಓದಿ ಸುಮ್ಮನೆ ಓದುವ ಆಸೆ ಅವಳಲ್ಲಿ ಸತ್ತುಹೋಗಿ ಬಹಳ ಕಾಲವಾಗಿತ್ತು.

ಮೊದಲ ಪುಟದಲ್ಲೇ ಗಂಟು ಬಿತ್ತು. ಕಥಾನಾಯಕಿಗೆ ಕಾದಂಬರಿಯುದ್ದಕ್ಕೂ ಬೇರೆ ಹೆಸರೇ ಇಲ್ಲ. ಎಲ್ಲರೂ ಅವಳನ್ನು ಗಡಿಯಾರದಂಗಡಿಯವಳು ಎಂದೇ ಕರೆಯುತ್ತಾರೆ. ಪುಸ್ತಕವಾದರೆ ಬಾಗಬೇಕು, ಹೆಂಗಸಾದರೆ ನೆಟ್ಟಗೆ ನಿಲ್ಲಬೇಕು. ವಿಮರ್ಶಕರು ಕೈಯಲ್ಲಿ ಬರೆದ ಪ್ರತಿಯಲ್ಲಿ ಎಲ್ಲಿಯೂ ಗುರುತು ಮಾಡಿರಲಿಲ್ಲ. ಸಾಲದ್ದಕ್ಕೆ 'ಗಡಿಯಾರದಂಗಡಿಯವಳನ್ನು', 'ಗಡಿಯಾರದಂಗಡಿಯವಳಲ್ಲಿ' ಎಂದು ವಿಭಕ್ತಿ ಅಂಟಿಕೊಂಡಾಗ ಬಾಗು ಎಲ್ಲಿ ನಿಲ್ಲಬೇಕು? ಪುಟ ಕಟ್ಟುವವನು "ಳ ವರೆಗೆ ಮಲಗಿಸಿ ನ್ನು ಮಾತ್ರ ಎಬ್ಬಿಸ್ಲಾ ಅಕ್ಕಾ?" ಎಂದು ಕೇಳಿದಾಗ ಅವಳಿಗೇ ನಗು ಬಂತು.

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. 'ಗಡಿಯಾರದಂಗಡಿಯವಳು ನನ್ನ ಯೌವನದಲ್ಲಿ ಬಂದಳು' ಎಂದು ಬರೆದಿದ್ದರು ವಿಮರ್ಶಕರು. ಪ್ರಬಂಧ ಕಾದಂಬರಿಯ ಮೇಲೆ ತಾನೇ? ಪುಸ್ತಕ ಬರುವುದಿಲ್ಲ 'ಳು' ಹಚ್ಚಿಕೊಂಡು. ಪುಸ್ತಕ ಬಂದಿತು. ಕರಡಕ್ಕ ಹೆಸರನ್ನು ಬಾಗಿಸಿ, 'ಬಂದಳು' ಹೊಡೆದು 'ಬಂದಿತು' ಮಾಡಿದಳು. ಮುಂದೆ 'ಗಡಿಯಾರದಂಗಡಿಯವಳ ಜೊತೆ ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ' ಎಂದಿತ್ತು. ಪುಸ್ತಕ ಹಿಡಿದು ಸಂಜೆ ಕಳೆಯುವವರು ಇದ್ದಾರೆ, ಅದನ್ನೂ ಬಾಗಿಸಿದಳು. 'ಬಿಟ್ಟುಬಿಡಬಹುದಿತ್ತು, ಬಿಡಲಾಗಲಿಲ್ಲ' ಎಂಬಲ್ಲಿಗೆ ಬಂದಾಗ ಪೆನ್ಸಿಲು ತಡೆಯಿತು. ಇದು ಪುಸ್ತಕದ ಮಾತಿನ ಹಾಗಿಲ್ಲವಲ್ಲ ಎನಿಸಿತು. ಆದರೂ ಬಾಗಿಸಿದಳು.

ಕರಡು ವಿಮರ್ಶಕರಿಗೆ ಹೋಗಿ ವಾಪಸು ಬಂತು. ಅವಳು ಮಾಡಿದ ಒಂದೊಂದು 'ಇತು'ವನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ನಡುಗುವ ಕೈಯಲ್ಲಿ 'ಳು ಇರಲಿ' ಎಂದು ಬರೆದಿದ್ದರು. ಬಾಗಿಸಿದ್ದನ್ನೆಲ್ಲ ನೆಟ್ಟಗೆ ಮಾಡಿಸಿದ್ದರು. ಅಷ್ಟೇ ಅಲ್ಲ, ಕೊನೆಯ ಪುಟದ ಅಂಚಿನಲ್ಲಿ ಹೊಸದೊಂದು ವಾಕ್ಯ ಸೇರಿಸಿದ್ದರು. 'ಗಡಿಯಾರದಂಗಡಿಯವಳು ಈಗಲೂ ಇದೇ ಊರಿನಲ್ಲಿದ್ದಾಳೆ, ಹಳೆಯ ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ, ಯಾರಿಗೂ ಗೊತ್ತಾಗದ ಹಾಗೆ.'

ಕರಡಕ್ಕ ಆ ವಾಕ್ಯವನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡಳು. ಹಳೆಯ ನೀರಿನ ಟ್ಯಾಂಕಿನ ಹಿಂದೆ ಇರುವುದು ಒಂದೇ ಓಣಿ. ಆ ಓಣಿಯಲ್ಲೇ ಅವಳ ಮನೆ. ಅವಳ ತಾಯಿಯ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮದುವೆಗೆ ಮೊದಲು ಅಮ್ಮ ಆ ಅಂಗಡಿಯಲ್ಲಿ ಕೂರುತ್ತಿದ್ದಳು.

ಅವಳು ಮತ್ತೆ ಮೊದಲಿನಿಂದ ಓದಿದಳು. ಈ ಸಲ ತಪ್ಪು ಹುಡುಕುವವಳಾಗಿ ಅಲ್ಲ, ಕಳ್ಳನ ಹೆಜ್ಜೆ ಹುಡುಕುವವಳಾಗಿ. ವಿಮರ್ಶಕರು ಕಾದಂಬರಿಯಿಂದ ಎತ್ತಿಕೊಟ್ಟ ವರ್ಣನೆಯಲ್ಲಿ, ಅಂಗಡಿಯ ಬಾಗಿಲು ಹಿಂದಿನ ಕಪಾಟಿಗೆ ತಾಗಿ ಅರ್ಧವಷ್ಟೇ ತೆರೆಯುತ್ತಿತ್ತು. ಅಮ್ಮ ತನ್ನ ತಂದೆಯ ಅಂಗಡಿಯ ಬಗ್ಗೆ ಜೀವಮಾನದಲ್ಲಿ ಆಡಿದ ಮಾತು ಒಂದೇ ಒಂದು: ದಪ್ಪಗಿದ್ದವರು ಒಳಗೆ ಬರೋಕೆ ಅಡ್ಡ ತಿರುಗಬೇಕಿತ್ತು. ಕಾದಂಬರಿಯ ಹುಡುಗಿ ಏನನ್ನಾದರೂ ಕಿವಿಗೊಟ್ಟು ಕೇಳುವಾಗ ಎಡಗಣ್ಣನ್ನು ಅರ್ಧ ಮುಚ್ಚುತ್ತಿದ್ದಳು. ಅಮ್ಮ ಸೂಜಿಗೆ ದಾರ ಪೋಣಿಸುವಾಗಲೂ, ಬಾಗಿಲಲ್ಲಿ ಯಾರೋ ಬಂದ ಸದ್ದು ಆಲಿಸುವಾಗಲೂ ಮುಚ್ಚುವುದು ಎಡಗಣ್ಣನ್ನೇ.

ಮಧ್ಯಾಹ್ನ ರಜೆ ಹಾಕಿ ಗ್ರಂಥಾಲಯಕ್ಕೆ ಹೋದಳು. ಕಾದಂಬರಿ ಸಿಕ್ಕಿತು. ಬೆನ್ನು ಹರಿದು, ದಾರ ಹೊರಬಿದ್ದ ಪ್ರತಿ. ನಿಂತಲ್ಲೇ ಕೊನೆಯ ಎರಡು ಅಧ್ಯಾಯ ತಿರುವಿ ಹಾಕಿದಳು. ಗಡಿಯಾರದಂಗಡಿಯವಳು ಒಬ್ಬ ಗಿರಾಕಿಯ ಜೊತೆ ದೋಣಿ ಹತ್ತಿ ನದಿ ದಾಟಿ ಹೋಗುತ್ತಾಳೆ. ಕೆಲವು ತಿಂಗಳಾದ ಮೇಲೆ ಒಬ್ಬಳೇ ಮರಳಿ ಬರುತ್ತಾಳೆ. ಹೊಟ್ಟೆಯಲ್ಲಿ ಮಗು. ಯಾರೋ ಒಬ್ಬ ಸಾದಾ ಮನುಷ್ಯ ಏನೂ ಕೇಳದೆ ಅವಳ ಕೈ ಹಿಡಿಯುತ್ತಾನೆ. ಕರಡಕ್ಕ ಪುಟ ತಿರುವಿ ಮುದ್ರಣದ ವರ್ಷ ನೋಡಿದಳು. ಅಪ್ಪ ಅಮ್ಮನ ಮದುವೆಯಾದ ವರ್ಷವೇ. ಅದರ ಮರುವರ್ಷ ತಾನು ಹುಟ್ಟಿದ್ದು.

ಅಲ್ಲಿಂದ ಮುಂದೆ ಅವಳ ತಲೆ ಅವಳ ಹಿಡಿತದಲ್ಲಿರಲಿಲ್ಲ. ಅಪ್ಪ ನಲ್ಲಿ ಪೈಪು ರಿಪೇರಿ ಮಾಡುತ್ತಿದ್ದ ಮನುಷ್ಯ, ಮಾತು ಕಡಿಮೆ, ತೀರಿಹೋಗಿ ಬಹಳ ಕಾಲವಾಗಿತ್ತು. ಸಾದಾ ಮನುಷ್ಯ ಎಂದರೆ ಅವನಿಗಿಂತ ಸಾದಾ ಯಾರಿದ್ದಾರೆ? ಹಾಗಾದರೆ ಆ ಗಿರಾಕಿ ಈ ವಿಮರ್ಶಕರೇ ಇರಬಹುದೇ? ಮರುದಿನ ಕಚೇರಿಗೆ ಬಂದು ವಿಮರ್ಶಕರ ಹಳೆಯ ಪುಸ್ತಕವೊಂದನ್ನು ತೆಗೆದು ಹಿಂಬದಿಯ ಫೋಟೋ ನೋಡಿದಳು. ಕೈತೊಳೆಯುವ ಕೋಣೆಯ ಕನ್ನಡಿಯ ಮುಂದೆ ಆ ಫೋಟೋ ಹಿಡಿದು ಅವರ ಮೂಗಿನ ಪಕ್ಕ ತನ್ನ ಮೂಗಿಟ್ಟು ನೋಡಿಕೊಂಡಳು. ಒಂದು ಕ್ಷಣ ಹೋಲುತ್ತದೆ ಎನಿಸಿತು, ಮರುಕ್ಷಣ ಇಲ್ಲ ಎಂದು ಗೊಣಗಿಕೊಂಡಳು. ಹೊರಗೆ ಕಾಯುತ್ತಿದ್ದ ಪುಟ ಕಟ್ಟುವವನು "ಅಕ್ಕಾ, ಒಳಗೆ ಯಾರ ಜೊತೆ ಮಾತಾಡ್ತಿದೀರಿ?" ಎಂದು ಕೂಗಿದ.

ಮನೆಯಲ್ಲಿ ಅವಳು ಅಮ್ಮನನ್ನು ಗಮನಿಸತೊಡಗಿದಳು. ಅಮ್ಮ ಕಿಟಕಿಯಲ್ಲಿ ನಿಂತರೆ ಯಾರನ್ನು ನೋಡುತ್ತಿದ್ದಾಳೆ ಎಂದು ಇವಳೂ ಇಣುಕಿದಳು. ಔಷಧಿ ತರಲು ಹೋದವಳು ತಡವಾಗಿ ಬಂದರೆ ದಾರಿಯಲ್ಲಿ ಯಾರು ಸಿಕ್ಕರು ಎಂದು ಕೇಳಿದಳು. ಟ್ಯಾಂಕಿನ ಹಿಂದಿನ ಓಣಿ ಆ ವಿಮರ್ಶಕರಿಗೆ ಗೊತ್ತಾದದ್ದು ಹೇಗೆ? ಒಂದೋ ಅವರು ಬಂದಿದ್ದಾರೆ, ಇಲ್ಲ ಅಮ್ಮ ಹೋಗಿದ್ದಾಳೆ.

"ಏನಾಗಿದೆ ನಿಂಗೆ? ಪೊಲೀಸಿನವರ ಹಾಗೆ ಹಿಂದೆ ಹಿಂದೆ ಸುತ್ತುತೀಯ" ಎಂದಳು ಅಮ್ಮ ಒಂದು ಸಂಜೆ, ಹಳೇ ಛತ್ರಿಯ ಕಡ್ಡಿಗೆ ದಾರ ಸುತ್ತುತ್ತ.

ಕರಡಕ್ಕ ತಡೆಯಲಾರದೆ ಕೇಳಿಯೇಬಿಟ್ಟಳು. "ಗಡಿಯಾರದಂಗಡಿಯವಳು ಯಾರಮ್ಮ?"

ಅಮ್ಮನ ಕೈ ನಿಂತಿತು.  "ಅದು ಇನ್ನೂ ಸತ್ತಿಲ್ವಾ?" ಎಂದಳು.

"ನೀನೇನಾ?"

"ಅಂಗಡಿ ನಮ್ದು. ಬಾಗಿಲು ನಮ್ದು. ಗಡಿಯಾರ ಬಿಚ್ತಿದ್ದ ಕೈ ನಂದು. ಮಿಕ್ಕಿದ್ದು ಯಾರ್ದೋ ನಂಗೊತ್ತಿಲ್ಲ." ಅಮ್ಮ ಛತ್ರಿ ಪಕ್ಕಕ್ಕಿಟ್ಟಳು. "ಪುಸ್ತಕ ಬಂತು. ಬೀದಿಯವರೆಲ್ಲ ಓದಿದ್ರು. ಓದದೋರಿಗೆ ಓದಿದೋರು ಹೇಳಿದ್ರು. ಅದು ಕಥೆ ಅಂತ ಪುಸ್ತಕದ ಮೇಲೇ ಬರೆದಿತ್ತು. ಯಾರಿಗೆ ಬೇಕಾಗಿತ್ತು ಅದು? ಗಡಿಯಾರ ಕೊಡೋಕೆ ಬಂದೋರು ಗಡಿಯಾರ ಬಿಟ್ಟು ನನ್ನ ಹೊಟ್ಟೆ ನೋಡೋರು. ದೋಣಿ ಸವಾರಿ ಹೇಗಿತ್ತು ಅಂತ ಒಬ್ಬ ಕೇಳ್ದ. ನಿಮ್ಮ ತಾತ ಅವನ ಗಡಿಯಾರ ಎತ್ತಿ ಬೀದಿಗೆ ಎಸೆದ್ರು. ಆ ವರ್ಷವೇ ಅಂಗಡಿ ಮುಚ್ಚಿದ್ರು. ಗೊತ್ತಾಗಿದ್ದ ಎರಡು ಸಂಬಂಧ ಮುರೀತು."

ಅಷ್ಟಕ್ಕೇ ನಿಲ್ಲಿಸಬೇಕಾಗಿತ್ತು ಕರಡಕ್ಕ. ನಿಲ್ಲಿಸಲಿಲ್ಲ. "ಕಾದಂಬರೀಲಿ ಅವಳಿಗೊಂದು ಮಗು ಇರುತ್ತೆ. ಪುಸ್ತಕ ಬಂದಿದ್ದು ನಿನ್ನ ಮದುವೆಯಾದ ವರ್ಷ. ನಾನು ಹುಟ್ಟಿದ್ದು..." ಎಂದು ಶುರುಮಾಡಿ, ಅಮ್ಮನ ಮುಖ ನೋಡಿ, ಮಾತನ್ನು ನುಂಗಿಕೊಂಡಳು. ಆದರೆ ಆಡಿದ್ದು ಆಡಿಯಾಗಿತ್ತು.

ಅಮ್ಮ ಎದ್ದು ಒಳಗೆ ಹೋದಳು. ಮರುದಿನ ಊಟ ಬಡಿಸಿ ಗೋಡೆಯ ಕಡೆ ತಿರುಗಿ ಕೂರುವಳು. ಅದರ ಮರುದಿನ ಕರಡಕ್ಕ ಚಪ್ಪಲಿ ಮೆಟ್ಟಿ ಹೊರಡುವ ಹೊತ್ತಿಗೆ ಬಾಗಿಲಿಗೆ ಬಂದು ನಿಂತು ಹೇಳಿದಳು.

"ನಿಮ್ಮಪ್ಪ ನನ್ನ ನೋಡೋಕೆ ಬಂದಾಗ ಅವರಿಗೂ ಊರಿನ ಮಾತೆಲ್ಲ ಗೊತ್ತಿತ್ತು. ಒಂದೇ ಸಲ ಕೇಳಿದ್ರು, ನಿಜಾನಾ ಅಂತ. ಇಲ್ಲ ಅಂದೆ. ಸರಿ ಅಂದ್ರು. ಸಾಯೋತನಕ ಇನ್ನೊಂದು ಸಲ ಕೇಳಲಿಲ್ಲ. ಹೊತ್ತು ಹೆತ್ತ ಮಗಳು ನೀನು ಕೇಳ್ದೆ." ಚಿಲಕಕ್ಕೆ ಕೈಹಾಕಿ, "ಪುಸ್ತಕ ಬಂದು ಎರಡು ವರ್ಷ ಆದ್ಮೇಲೆ ನನ್ನ ಮದುವೆ ಆಗಿದ್ದು. ಲೆಕ್ಕಾನೂ ಬರಲ್ವಾ ನಿಂಗೆ?" ಎಂದು ಬಾಗಿಲು ಹಾಕಿಕೊಂಡಳು.

ಕರಡಕ್ಕ ಕಚೇರಿಗೆ ಹೋಗಲಿಲ್ಲ. ನೇರ ಗ್ರಂಥಾಲಯಕ್ಕೆ ಹೋಗಿ ಆ ಹರಿದ ಪುಸ್ತಕ ತೆರೆದಳು. ವರ್ಷದ ಮೇಲಿನ ಸಾಲಿನಲ್ಲಿ, ಮಾಸಿದ ಸಣ್ಣ ಅಕ್ಷರದಲ್ಲಿ, ಎರಡನೆಯ ಮುದ್ರಣ ಎಂದಿತ್ತು. ಇಡೀ ಜೀವನ ಬೇರೆಯವರ ಅಲ್ಪವಿರಾಮದ ತಪ್ಪು ಹಿಡಿದವಳು ತನಗೆ ಬೇಕಾದ ವರ್ಷ ಕಂಡ ಕೂಡಲೇ ಮೇಲಿನ ಸಾಲನ್ನು ನೋಡಿರಲಿಲ್ಲ. ಅಪ್ಪನ ಮುಖ ಕಣ್ಣ ಮುಂದೆ ಬಂತು. ಗ್ರಂಥಾಲಯದ ಬೆಂಚಿನ ಮೇಲೆ ಕೂತು ಯಾರಿಗೂ ಕಾಣದಂತೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು.

ನಾಚಿಕೆಯೇನೋ ಆಯಿತು, ಆದರೆ ಅನುಮಾನ ಸಾಯಲಿಲ್ಲ. ಅಮ್ಮನನ್ನು ಬಿಟ್ಟು ವಿಮರ್ಶಕರ ಮೇಲೆ ಹೋಗಿ ಕೂತಿತು, ಅಷ್ಟೇ. ಅಮ್ಮ ಹೇಳಿದ್ದು ನಿಜವಾದರೆ ಈ ಮನುಷ್ಯನ 'ಳು'ಗಳಿಗೆ ಅರ್ಥವೇನು? ಸಂಜೆ ಕಳೆದದ್ದು ಯಾರ ಜೊತೆ? ಒಮ್ಮೆ ಒಂದು ಪುಸ್ತಕ ಬಂದು ಅಂಗಡಿ ಮುಚ್ಚಿಸಿತು. ಈಗ ಇನ್ನೊಂದು ಬಂದು ಓಣಿಯ ವಿಳಾಸ ಕೊಡಲಿದೆ.

ಅವಳು ಕರಡನ್ನು ಚೀಲಕ್ಕೆ ಹಾಕಿಕೊಂಡು ವಿಮರ್ಶಕರ ಮನೆಗೆ ಹೋದಳು. ಅನುಮಾನವಿದ್ದರೆ ಲೇಖಕರನ್ನೇ ಕೇಳಬೇಕೆಂದು ಯಜಮಾನರೇ ಮಾಡಿದ ನಿಯಮವಿತ್ತು.

ಬಾಗಿಲು ತೆರೆದದ್ದು ಸೊಸೆ. ಒಳಗೆ ಗೋಡೆಗಳೇ ಕಾಣದಷ್ಟು ಪುಸ್ತಕ. ವಿಮರ್ಶಕರು ಕಿಟಕಿಯ ಪಕ್ಕ ಆರಾಮ ಕುರ್ಚಿಯಲ್ಲಿದ್ದರು. ಫೋಟೋದಲ್ಲಿದ್ದ ಮೂಗು ಈಗ ಮುಖಕ್ಕಿಂತ ದೊಡ್ಡದಾಗಿತ್ತು. ನಯವಾಗಿ ನಕ್ಕು, "ಓಹೋ, ನನ್ನ ಳುಗಳನ್ನೆಲ್ಲ ಕೊಂದ ಕೈ ಇದೇನಾ? ಕೂತ್ಕೊಳ್ಳಿ" ಎಂದರು. ಸೊಸೆ ಚಹಾ ತಂದಿಟ್ಟು ಹೋದಳು.

ಕರಡಕ್ಕ ಪೆನ್ಸಿಲು ತೆಗೆದಳು. "ಸರ್, ಹೆಸರು ಬಂದ ಒಂದೊಂದು ಜಾಗದಲ್ಲೂ ನೀವೇ ಹೇಳ್ಬೇಕು. ಪುಸ್ತಕ ಅಂದ್ರೆ ಬಾಗಿಸ್ತೀನಿ. ಹೆಂಗಸು ಅಂದ್ರೆ ನೆಟ್ಟಗೆ ಬಿಡ್ತೀನಿ."

"ಎರಡೂ ಅಂತಿಟ್ಕೊಳ್ಳಿ. ಓದುಗ ಸ್ವಲ್ಪ ತಡಕಾಡಲಿ. ಅದರಲ್ಲೇ ರಸ ಇರೋದು."

"ಅಕ್ಷರಕ್ಕೆ ಎರಡೂ ಆಗೋಕೆ ಬರಲ್ಲ ಸರ್. ಗಡಿಯಾರದಂಗಡಿಯವಳು ನನ್ನ ಯೌವನದಲ್ಲಿ ಬಂದಳು. ಪುಸ್ತಕವೋ, ಹೆಂಗಸೋ?"

"ಪುಸ್ತಕ ಅನ್ನಿ. ನನಗಾಗ ಇಪ್ಪತ್ತೈದು" ಎಂದು ಅವರು ಚಹಾ ಗುಟುಕರಿಸಿದರು. ಅವಳು 'ಳು' ಹೊಡೆದು 'ಇತು' ಬರೆದಳು.

"ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ."

"ಅದು..." ಅವರು ಕಿಟಕಿಯಾಚೆ ನೋಡಿದರು. "ಅದು ಪುಸ್ತಕ ಅಂತಲೂ ಓದಬಹುದು."

"ನೀವು ಏನಂತ ಬರೆದ್ರಿ?"

"ಕರಡು ತಿದ್ದೋರಿಗೆ ಇಷ್ಟೆಲ್ಲ ಯಾಕೆ ಬೇಕು?"

"ಬಾಗಿಸ್ಬೇಕೋ ಬೇಡ್ವೋ ಅಂತ."

ಅವರ ನಗು ತೆಳುವಾಯಿತು. "ಬಾಗಿಸಿ" ಎಂದರು. ಹೀಗೆ ಒಂದೊಂದೇ ವಾಕ್ಯ ಸಾಗಿತು. ಪ್ರತಿ ಸಲ ಅವರು ಅವಳನ್ನೊಮ್ಮೆ ನೋಡಿ, ಬಾಗಿಸಿ ಎನ್ನುವರು. ತನ್ನನ್ನು ನದಿ ದಾಟಿಸಿದ್ದು, ಬಾಗಿಸಿ. ಬಿಡಲಾಗದೆ ಹೋದದ್ದು, ಬಾಗಿಸಿ. ಕೊನೆಗೆ ಟ್ಯಾಂಕಿನ ವಾಕ್ಯ ಬಂತು.

"ಈಗಲೂ ಇದೇ ಊರಿನಲ್ಲಿದ್ದಾಳೆ, ಹಳೆಯ ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ. ಇದು ಪುಸ್ತಕ ಆಗೋಕೆ ಸಾಧ್ಯವೇ ಇಲ್ಲ ಸರ್. ಓಣೀಲಿ ಯಾವ ಪುಸ್ತಕ ಇರುತ್ತೆ? ನಿಮಗೆ ಹೇಗೆ ಗೊತ್ತು?"

"ಕಣ್ಣಿನ ಆಸ್ಪತ್ರೆಯ ಸಾಲಿನಲ್ಲಿ ಕಂಡಿದ್ದೆ. ನನಗಿಂತ ಮುಂದೆ ನಿಂತಿದ್ದಳು, ಅದೇ ಅರ್ಧ ಮುಚ್ಚಿದ ಎಡಗಣ್ಣು. ಅಲ್ಲಿನ ಗುಮಾಸ್ತನಿಗೆ ವಿಳಾಸ ಹೇಳ್ತಿದ್ದಳು, ಕಿವಿಗೆ ಬಿತ್ತು."

"ಅವರು ನಿಮ್ಮನ್ನ ನೋಡಿದ್ರಾ?"

"ಇಲ್ಲ." ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನಿಮಗೆ ಅವಳ ಪರಿಚಯ ಇದೆಯಾ?"

"ನಮ್ಮಮ್ಮ."

 ವಿಮರ್ಶಕರು ಬಟ್ಟಲನ್ನು ಕೆಳಗಿಡಲು ಹೋಗಿ ತಟ್ಟೆಯ ಅಂಚಿಗೆ ತಾಗಿಸಿದರು. ಚಹಾ ಚೆಲ್ಲಿತು. ಒರೆಸಲು ಯಾರೂ ಏಳಲಿಲ್ಲ.

"ಆ ವಾಕ್ಯ ತೆಗೆದುಬಿಡಿ" ಎಂದರು ಅವರು. ಆಮೇಲೆ ಕೇಳದಿದ್ದರೂ ಹೇಳಿದರು. ಅವರೂ ಕಾದಂಬರಿಕಾರರೂ ಆಗ ಒಂದೇ ಬಾಡಿಗೆ ಕೋಣೆಯಲ್ಲಿದ್ದರಂತೆ. "ಚೆನ್ನಾಗಿ ಓಡ್ತಿದ್ದ ಗಡಿಯಾರಾನ ನಾನೇ ಕೆಡಿಸಿ ಆ ಅಂಗಡಿಗೆ ಒಯ್ತಿದ್ದೆ. ಹೋಗೋದು, ಕೊಡೋದು, ತಗೊಳ್ಳೋದು. ಅಷ್ಟೇ. ಕೋಣೆಗೆ ಬಂದು ಇವತ್ತು ಹೀಗಂದಳು, ಹಾಗೆ ನಕ್ಕಳು ಅಂತ ಅವನಿಗೆ ಹೇಳ್ತಿದ್ದೆ. ಅವನು ಬರ್ಕೊಳ್ತಿದ್ದ ಅಂತ ನಂಗೆ ಗೊತ್ತಿರಲಿಲ್ಲ. ಪುಸ್ತಕ ಬಂದ ಮೇಲೆ ಸುಳ್ಳು ಅನ್ನೋಕೆ ಬಾಯಿ ಬರಲಿಲ್ಲ. ಆ ಗಿರಾಕಿ ನಾನೇ ಅಂತ ಗೆಳೆಯರೆಲ್ಲ ಬೆನ್ನು ತಟ್ಟೋರು. ಸುಖವಾಗಿತ್ತು."

"ನಮ್ಮ ತಾತನ ಅಂಗಡಿ ಮುಚ್ಚಿತು ಸರ್."

"ಹೌದು. ಗೊತ್ತಿತ್ತು" ಎಂದರು ಅವರು. ಕ್ಷಮಿಸಿ ಎನ್ನುತ್ತಾರೇನೋ ಎಂದು ಅವಳು ಕಾದಳು. ಅವರು ಅನ್ನಲಿಲ್ಲ. ಬದಲಿಗೆ ಕರಡಿಗಾಗಿ ಕೈ ಚಾಚಿದರು. ಕನ್ನಡಕಕ್ಕೆ ಹತ್ತಿರ ಹಿಡಿದು ಒಂದು ಸಾಲು ಹುಡುಕಿ, ಉಗುರಿನಿಂದ ಗೆರೆ ಎಳೆದು ತೋರಿಸಿದರು. "ಇದನ್ನ ಮಾತ್ರ ನೆಟ್ಟಗೆ ಬಿಡಿ. ಇದು ಕಾದಂಬರೀಲಿ ಇಲ್ಲ. ನೀವು ಇದನ್ನೂ ಬಾಗಿಸಿಬಿಟ್ಟಿದ್ರಿ, ಮೊದಲ ಸಲ."

ಸಾಲು ಹೀಗಿತ್ತು: 'ಗಡಿಯಾರದಂಗಡಿಯವಳು ಒಮ್ಮೆಯೂ ತಲೆಯೆತ್ತಿ ನನ್ನ ಮುಖ ನೋಡಲಿಲ್ಲ.'

ಕರಡಕ್ಕ ಮನೆಯ ಕಡೆ ನಡೆಯುತ್ತ ಅದನ್ನೇ ಯೋಚಿಸಿದಳು. ಕಥೆ ಕಟ್ಟುವ ಮನುಷ್ಯ. ಇದೂ ಇನ್ನೊಂದು ಕಥೆಯಾಗಿರಬಹುದು. ಎದುರಿಗೆ ಮಗಳು ಕೂತಿದ್ದಾಳೆಂದು ಗೊತ್ತಾದ ಮೇಲೆ ಹೊಸೆದದ್ದಾಗಿರಬಹುದು. ಆದರೆ ಆ ವಾಕ್ಯ ಮೊದಲ ಪ್ರತಿಯಲ್ಲೇ ಇತ್ತಲ್ಲ, ತಾನೇ ಬಾಗಿಸಿದ್ದೆನಲ್ಲ. ಹಾಗಾದರೆ ಅದೊಂದು ನಿಜವಿರಬೇಕು. ಇರಬೇಕು ಎನಿಸಿತೇ ಹೊರತು ಇದೆ ಎಂದು ಅವಳ ಮನಸ್ಸು ಕೊನೆಗೂ ರುಜು ಹಾಕಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಮೊದಲು ಅಪ್ಪನ ವಿಷಯಕ್ಕೆ ಕ್ಷಮೆ ಕೇಳಿದಳು. ಅಮ್ಮ ಅದಕ್ಕೆ ಹೂಂ ಎಂದಳು, ಮುಖ ತಿರುಗಿಸದೆ. ಆಮೇಲೆ ಕರಡಕ್ಕ ಕೇಳಿದಳು: "ಸರಿಯಿದ್ದ ಗಡಿಯಾರ ಕೆಡಿಸ್ಕೊಂಡು ಬರ್ತಿದ್ದ ಗಿರಾಕಿ ನಿಂಗೆ ನೆನಪಿದ್ಯಾ? ಮೂಗು ಉದ್ದ."

ಅಮ್ಮ ಯೋಚಿಸಿದಳು. "ಗಡಿಯಾರ ಯಾವ್ದು?"

"ಅದು ನಂಗೇನು ಗೊತ್ತು?"

"ಮತ್ತೆ ನಂಗೆ ಹೇಗೆ ಗೊತ್ತಾಗ್ಬೇಕು? ಗಡಿಯಾರ ಬಂದ್ರೆ ಗಡಿಯಾರ ನೋಡ್ತಿದ್ದೆ. ಮೂಗು ನೋಡ್ತಾ ಕೂತಿದ್ರೆ ಸ್ಪ್ರಿಂಗು ಹಾರಿಹೋಗೋದು."

ಪುಸ್ತಕ ಅಚ್ಚಾಯಿತು. ಹೆಸರು ಎಲ್ಲ ಕಡೆ ಬಾಗಿತ್ತು, ಒಂದೇ ಒಂದು ಕಡೆ ನೆಟ್ಟಗಿತ್ತು. ಅದನ್ನು ಮೊದಲು ಕಂಡವರು ಯಜಮಾನರು. ಕರಡಕ್ಕನನ್ನು ಕರೆದು ಬೆರಳಿಟ್ಟು ತೋರಿಸಿದರು. "ಏನಮ್ಮಾ ಇದು, ನಿನ್ನ ಕಣ್ಣಿಗೂ ವಯಸ್ಸಾಯ್ತಾ?"

"ಲೇಖಕರು ಹಾಗೇ ಬೇಕು ಅಂದ್ರು."

"ಅಂದ್ರೂ ನಾವು ನೋಡ್ಬೇಕಲ್ಲ. ಓದೋರು ನಮ್ಮದೇ ತಪ್ಪು ಅಂತಾರೆ."

ಅಂದರು ಕೂಡ. ವಾರಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಪುಸ್ತಕವನ್ನು ಬಾಯ್ತುಂಬ ಹೊಗಳಿ, ಕೊನೆಗೆ ಮುದ್ರಣದಲ್ಲಿ ಇನ್ನಷ್ಟು ಎಚ್ಚರ ಬೇಕಿತ್ತು ಎಂದು ಆ ಪುಟವನ್ನೇ ಎತ್ತಿ ತೋರಿಸಿತು. ಪುಟ ಕಟ್ಟುವವನು ಅದನ್ನು ಕತ್ತರಿಸಿ ಅವಳ ಮೇಜಿನ ಮೇಲಿಟ್ಟು ಏನೂ ಗೊತ್ತಿಲ್ಲದವನ ಹಾಗೆ ಹೋದ. ಕರಡಕ್ಕ ಅದನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು. ವಿವರಿಸಲು ಹೋದರೆ ಅಮ್ಮನ ಹೆಸರು ಬಾಯಿಗೆ ಬರಬೇಕಾಗುತ್ತಿತ್ತು. ವಿಮರ್ಶಕರಿಂದ ಆಮೇಲೆ ಯಾವ ಸುದ್ದಿಯೂ ಬರಲಿಲ್ಲ. ಅವಳೂ ಅತ್ತ ಹೋಗಲಿಲ್ಲ. ಕೆಲವು ತಿಂಗಳ ಕಾಲ ಮಾತ್ರ ಓಣಿಯಲ್ಲಿ ಅಪರಿಚಿತರು ಯಾರಾದರೂ ನಿಂತಿದ್ದರೆ ಕಿಟಕಿಯ ಪರದೆ ಎಳೆದು, ಸಂದಿಯಿಂದ ನೋಡುತ್ತ ನಿಲ್ಲುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ತಾನಾಗಿಯೇ ಕೇಳಿದಳು. "ಆ ಪುಸ್ತಕ ಸಿಗುತ್ತಾ?"

"ಯಾವ್ದು?"

"ಅದೇ. ಆಗ ಅರ್ಧ ಓದಿದ್ದೆ. ನಿಮ್ಮ ತಾತ ಕಿತ್ಕೊಂಡು ಒಲೆಗೆ ಹಾಕಿದ್ರು. ಕೊನೆಗೇನಾಯ್ತು ಅಂತ ಊರಿನೋರ ಬಾಯಲ್ಲಿ ಕೇಳಿದ್ದೇ ಹೊರತು ನಾನು ಓದಲಿಲ್ಲ. ಈಗ ಅಷ್ಟು ಸಣ್ಣ ಅಕ್ಷರ ಕಾಣಲ್ಲ. ನೀನು ಓದು."

ಇದರ ಹಿಂದೆ ಏನೋ ಇದೆ ಎಂದು ಕರಡಕ್ಕನಿಗೆ ಅನಿಸದೆ ಇರಲಿಲ್ಲ. ಆದರೂ ತಂದಳು. ಕಿಟಕಿಯ ಬೆಳಕಿನಲ್ಲಿ ಕೂತು ಓದಲು ಶುರುಮಾಡಿದಳು. ಅಮ್ಮ ಬಟ್ಟೆ ಮಡಚುತ್ತ ಕೇಳಿದಳು. ಹುಡುಗಿ ಒದ್ದೆ ಕೈಯಲ್ಲಿ ಗಡಿಯಾರ ಬಿಚ್ಚುವ ಜಾಗ ಬಂದಾಗ, "ಥೂ, ಒದ್ದೆ ಕೈಯಲ್ಲಿ ಯಾರಾದ್ರೂ ಮುಟ್ತಾರಾ? ತುಕ್ಕು ಹಿಡಿಯಲ್ವಾ?" ಎಂದು ರೇಗಿದಳು. ಗಿರಾಕಿ ಅವಳ ಬೆರಳನ್ನು ಮುಟ್ಟುವ ಜಾಗದಲ್ಲಿ, "ಅಡ್ಡಕ್ಕೆ ಗಾಜಿನ ಪೆಟ್ಟಿಗೆ ಇತ್ತು. ಇವನ ಕೈಯೇನು ಗಾಜು ತೂರಿಕೊಂಡು ಬಂತಾ?" ಎಂದು ನಕ್ಕಳು. ದೋಣಿ ಬಂದಾಗ ನಗು ಇನ್ನೂ ಜೋರಾಯಿತು. ತನಗೆ ಬಾವಿ ಇಣುಕಿದರೂ ತಲೆ ಸುತ್ತುತ್ತಿತ್ತಂತೆ.

ಮುಂದಿನ ಭಾನುವಾರಕ್ಕೆ ಕೊನೆಯ ಅಧ್ಯಾಯ ಉಳಿದಿತ್ತು. ಹುಡುಗಿ ನದಿಯಾಚೆಯಿಂದ ಒಬ್ಬಳೇ ಮರಳಿ ಬರುತ್ತಾಳೆ. ಅರ್ಧ ತೆರೆಯುವ ಬಾಗಿಲ ಮುಂದೆ ನಿಲ್ಲುತ್ತಾಳೆ. ಒಳಗಿನಿಂದ ಅವಳ ತಂದೆ 'ಯಾರದು?' ಎಂದು ಕೇಳುತ್ತಾನೆ.  ಕರಡಕ್ಕ ಓದುತ್ತ ಓದುತ್ತ ಓರೆಗಣ್ಣಿನಲ್ಲಿ ಅಮ್ಮನನ್ನು ನೋಡಿದಳು. ಅಮ್ಮ ಬಟ್ಟೆ ಮಡಚುವುದನ್ನು ಬಿಟ್ಟು, ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಎಂದೂ ಕಾಣದ ಯಾರದೋ ಮನೆಯ ಸಾವಿನ ಸುದ್ದಿ ಕೇಳುವವಳ ಹಾಗೆ ಕೂತಿದ್ದಳು.

"ಪಾಪ" ಎಂದಳು ಅಮ್ಮ. "ಯಾರ ಮಗಳೋ ಏನೋ. ಬಾಗಿಲು ತೆಗೆದ್ನಾ ಅವನು? ಮುಂದೆ ಓದು."

ಕರಡಕ್ಕ ಪುಟ ತಿರುವಿದಳು.